ಮೈನಸ್ ಒಂದೂವರೆ

ಹೋದ ಗುರುವಾರ ರಾತ್ರಿ ಎಂಟೂವರೆ. ಕ್ಯಾಲಿಫೋರ್ನಿಯಾದ ನಮ್ಮ ಕಮ್ಯುನಿಟಿ ಕಾಲೇಜಿನಲ್ಲಿ, ಲೆಕ್ಕದಲ್ಲಿ ನೆರವು ಬೇಕಾದವರು ಬಂದು ಕೂರುವ ಗಣಿತ ಕೇಂದ್ರದಲ್ಲಿ, ಉಳಿದಿದ್ದವರು ಮೂರೇ ಜನ. ಬಾಗಿಲ ಬಳಿಯ ಮೇಜಿನಲ್ಲಿ ಹಾಜರಿ ನೋಡಿಕೊಳ್ಳುವ ಹುಡುಗಿ, ನಾನು, ಮತ್ತು ನನ್ನೆದುರು ಕೂತಿದ್ದ ಒಬ್ಬ ವಿದ್ಯಾರ್ಥಿ. ಅವರಿಗೆ ಮೂವತ್ತೆಂಟು ವರ್ಷ. ಹಗಲು ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ, ವಾರಕ್ಕೆರಡು ಸಂಜೆ ನಮ್ಮ ಸಂಖ್ಯಾಶಾಸ್ತ್ರದ ತರಗತಿಗೆ ಬರುತ್ತಾರೆ.

ಪುಸ್ತಕದ ಲೆಕ್ಕ ಯಾಕೋ ಅವರ ಕೈಗೆ ಸಿಗುತ್ತಿರಲಿಲ್ಲ. ನಾನೇ ಹಲಗೆಯ ಮೇಲೆ ಬೇರೆಯದು ಬರೆದೆ. ಒಂದು ಗೋದಾಮಿನಲ್ಲಿ ಒಬ್ಬೊಬ್ಬರು ಗಂಟೆಗೆ ಸರಾಸರಿ 92 ಪೆಟ್ಟಿಗೆ ಸಾಗಿಸುತ್ತಾರೆ, ಮಾನಕ ವಿಚಲನೆ (ಸರಾಸರಿಯಿಂದ ಜನ ಸಾಮಾನ್ಯವಾಗಿ ಆಚೀಚೆ ಇರುವ ಅಂತರ) 8. ಒಬ್ಬ ಮನುಷ್ಯ 80 ಸಾಗಿಸಿದ. ಅವನ ಝೀ-ಸ್ಕೋರ್ ಎಷ್ಟು, ಅಂದರೆ ಅವನು ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ಮೇಲೆ ಅಥವಾ ಕೆಳಗೆ ಇದ್ದಾನೆ?

ಅವರು 12ನ್ನು 8ರಿಂದ ಭಾಗಿಸಿ ಒಂದೂವರೆ ಎಂದು ಬರೆದರು. ಎಂಬತ್ತರಿಂದ ತೊಂಬತ್ತೆರಡನ್ನು ಕಳೆಯಬೇಕಿತ್ತು. "ದೊಡ್ಡದರಿಂದ ಚಿಕ್ಕದನ್ನ ತಾನೇ ಕಳೆಯೋದು?" ಅಂದರು. ಸ್ಕೂಲು ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ಆ ಒಂದು ಪಾಠ ಗಟ್ಟಿಯಾಗಿ ನೆನಪಿತ್ತು.

"ನಿಮ್ಮ ಖಾತೆಯಲ್ಲಿ ಎಂಬತ್ತು ಡಾಲರ್ ಇದೆ. ತೊಂಬತ್ತೆರಡು ಡಾಲರ್ ಬಿಲ್ ಬಂತು."

"ಹನ್ನೆರಡು ಸಾಲ."

"ಆ ಸಾಲಕ್ಕೇ ಮೈನಸ್ ಅಂತೀವಿ."

ಅವರು ಮೈನಸ್ 1.5 ಎಂದು ತಿದ್ದಿದರು. ಪೆನ್ನು ಕೆಳಗಿಟ್ಟು ಹಲಗೆಯನ್ನೇ ಸ್ವಲ್ಪ ಹೊತ್ತು ನೋಡಿದರು. "ಅಂದ್ರೆ ಈ ಮನುಷ್ಯ ಸರಾಸರಿಗಿಂತ ಹಿಂದಿದ್ದಾನೆ, ಆದ್ರೆ ಕೆಲಸದಿಂದ ತೆಗೆಯೋಷ್ಟು ಹಿಂದೆ ಇಲ್ಲ. ಅವನ ಹಿಂದೆ ಇನ್ನೂ ಎಷ್ಟು ಜನ ಇರ್ತಾರೆ?" ಕೋಷ್ಟಕ ತೆಗೆದು ನೋಡಿದೆವು. ನೂರಕ್ಕೆ ಹತ್ತಿರಹತ್ತಿರ ಏಳು ಜನ. ಆ ಪ್ರಶ್ನೆ ನಾನು ಕೇಳಿದ್ದಲ್ಲ, ಪುಸ್ತಕದಲ್ಲೂ ಇರಲಿಲ್ಲ.

ಹತ್ತು ವರ್ಷದ ಹಿಂದೆ ಆಗಿದ್ದರೆ ಈ ಮನುಷ್ಯ ಸಂಖ್ಯಾಶಾಸ್ತ್ರದ ಮೇಜಿನಲ್ಲಿ ಕೂರುತ್ತಲೇ ಇರಲಿಲ್ಲ. ಕೂಡುವ, ಕಳೆಯುವ ಲೆಕ್ಕ ಹೇಳಿಕೊಡುವ ಕೆಳಗಿನ ತರಗತಿಗೆ ಅವರನ್ನು ಕಳಿಸುತ್ತಿದ್ದರು. ಅದೇ ಸರಿ ಎಂದು ಆಗ ನಾನೂ ವಾದಿಸಿದ್ದೆ. ಅದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ಊರಿನವರಿಗೆ ಕಮ್ಯುನಿಟಿ ಕಾಲೇಜು ಅಂದರೆ ಏನು ಎಂದು ಹೇಳುವುದು ನನಗೆ ಈಗಲೂ ಕಷ್ಟ. ಎರಡು ವರ್ಷದ ಸರ್ಕಾರಿ ಕಾಲೇಜು. ನರ್ಸಿಂಗ್, ವೆಲ್ಡಿಂಗ್, ಅಕೌಂಟ್ಸ್ ಎಲ್ಲ ಕಲಿಸುತ್ತಾರೆ, ಹಾಗೆಯೇ ಮೊದಲೆರಡು ವರ್ಷದ ಡಿಗ್ರಿ ಪಾಠವನ್ನೂ ಮಾಡುತ್ತಾರೆ. ಅಲ್ಲಿಂದ ಮುಂದೆ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಆಗಬಹುದು. ಮೊದಲನೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಇವೆ, ಸುಮಾರು 20 ಲಕ್ಷ ವಿದ್ಯಾರ್ಥಿಗಳು. ಪ್ರವೇಶ ಪರೀಕ್ಷೆ ಇಲ್ಲ, ಯಾರನ್ನೂ ವಾಪಸ್ ಕಳಿಸುವುದಿಲ್ಲ. ಕೋರ್ಸನ್ನು ಯೂನಿಟ್, ಅಂದರೆ ಕ್ರೆಡಿಟ್, ಲೆಕ್ಕದಲ್ಲಿ ಅಳೆಯುತ್ತಾರೆ. ಇಲ್ಲಿನವರಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ, ಬಡವರಿಗೆ ಅದೂ ಇಲ್ಲ.

ನಾನು ಬಂದದ್ದು ಗಂಡನ ಹಿಂದೆ, ಎಚ್-4 ಎಂಬ, ಆಗ ಕೆಲಸ ಮಾಡಲು ಬಿಡದ ಸಂಗಾತಿ ವೀಸಾದಲ್ಲಿ. ತಿಪಟೂರಿನಲ್ಲಿ ಆರು ವರ್ಷ ಪಿಯು ಮಕ್ಕಳಿಗೆ ಗಣಿತ ಕಲಿಸಿದವಳು ಇಲ್ಲಿ ಕೈಕಟ್ಟಿ ಕೂರಬೇಕಾಯಿತು. ಕೂರಲಾಗದೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಕೋರ್ಸ್ ತಗೊಂಡೆ, ಆಮೇಲೆ ಇನ್ನೊಂದು. ನನ್ನಂಥ ಎಷ್ಟೋ ಕನ್ನಡದ ಹೆಣ್ಣುಮಕ್ಕಳು ಇಲ್ಲಿ ಹಾಗೆಯೇ ಈ ಕಾಲೇಜುಗಳ ಮೆಟ್ಟಿಲು ಹತ್ತಿದ್ದಾರೆ. 2015ರ ಮೇ ತಿಂಗಳಲ್ಲಿ ನಮ್ಮಲ್ಲಿ ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿತು. ಆ ವರ್ಷವೇ ನಾನು ಗಣಿತ ಕೇಂದ್ರಕ್ಕೆ ಸೇರಿದೆ.

ಆಗ ಇದ್ದ ಪದ್ಧತಿ ಹೀಗೆ. ಹೊಸ ವಿದ್ಯಾರ್ಥಿ ಬಂದ ದಿನವೇ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪರೀಕ್ಷೆ. ಅದರ ಅಂಕ ನೋಡಿ, ನೀನು ಕಾಲೇಜಿನ ಗಣಿತಕ್ಕೆ ಸಿದ್ಧವಿಲ್ಲ, ಒಂದು ಮೆಟ್ಟಿಲು ಕೆಳಗೆ ಹೋಗು, ಎರಡು ಕೆಳಗೆ, ಮೂರು ಕೆಳಗೆ. ಆ ಕೆಳಗಿನ ತರಗತಿಗಳು ಡಿಗ್ರಿಗೆ ಲೆಕ್ಕಕ್ಕೆ ಬರುವುದಿಲ್ಲ. ತುಂಬಾ ಮಂದಿಗೆ ಆ ಪರೀಕ್ಷೆಯ ಮಹತ್ವವೇ ಗೊತ್ತಿರುತ್ತಿರಲಿಲ್ಲ. ಮಗುವನ್ನು ಡೇಕೇರ್‌ನಿಂದ ಕರಕೊಂಡು ಬರಬೇಕಿತ್ತು ಎಂದು ಇಪ್ಪತ್ತು ನಿಮಿಷದಲ್ಲಿ ಏನೋ ಒತ್ತಿ ಎದ್ದುಹೋದ ಒಬ್ಬ ತಾಯಿ ನನಗೆ ಗೊತ್ತು. ಆ ಇಪ್ಪತ್ತು ನಿಮಿಷ ಆಕೆಗೆ ಮೂರು ಸೆಮಿಸ್ಟರ್ ಬೆಲೆ ಆಯಿತು. ಮೂರನೆಯದಕ್ಕೆ ಆಕೆ ಬರಲೇ ಇಲ್ಲ.

2017ರಲ್ಲಿ ರಾಜ್ಯದ ಶಾಸನಸಭೆ ಎಬಿ 705 ಎಂಬ ಮಸೂದೆ ಪಾಸು ಮಾಡಿತು. ವಿದ್ಯಾರ್ಥಿಗಳನ್ನು ಹೈಸ್ಕೂಲಿನ ಅಂಕಗಳ ಆಧಾರದ ಮೇಲೆ ಕಾಲೇಜು ಮಟ್ಟದ ಇಂಗ್ಲಿಷ್ ಮತ್ತು ಗಣಿತಕ್ಕೇ ಸೇರಿಸಿ, ಒಂದು ವರ್ಷದೊಳಗೆ ಅದನ್ನು ಮುಗಿಸುವ ಅವಕಾಶ ಆದಷ್ಟು ಹೆಚ್ಚಿಸಿ ಎನ್ನುವುದು ಅದರ ಸಾರ. 2019ರ ಶರತ್ಕಾಲದ ಹೊತ್ತಿಗೆ ಎಲ್ಲ ಕಾಲೇಜೂ ಜಾರಿಗೆ ತರಬೇಕಿತ್ತು. ವಿಭಾಗದ ಸಭೆಯಲ್ಲಿ ನಾನು ಕೈ ಎತ್ತಿ, ಬುನಾದಿ ಹಾಕದೆ ಗೋಡೆ ಎಬ್ಬಿಸಿದರೆ ನಾಳೆ ಯಾರ ತಲೆ ಮೇಲೆ ಬೀಳುತ್ತದೆ ಎಂದು ಕೇಳಿದೆ. ಮನಸಾರೆ ಕೇಳಿದ್ದೆ. ನಮ್ಮ ಕಡೆ ಗಣಿತ ಕಲಿತವರಿಗೆ ಅದು ರಕ್ತದಲ್ಲೇ ಇದೆ. ಮಗ್ಗಿ ಬಾರದವನಿಗೆ ಭಾಗಾಕಾರ ಇಲ್ಲ, ಭಾಗಾಕಾರ ಬಾರದವನಿಗೆ ಭಿನ್ನರಾಶಿ ಇಲ್ಲ.

ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಏನೂ ವಾದಿಸದೆ ಒಂದು ಲೆಕ್ಕ ಬರೆದು ನನ್ನ ಕಡೆ ತಳ್ಳಿದರು. ನೀವೂ ಮಾಡಿ ನೋಡಿ. ಮೂರು ಮೆಟ್ಟಿಲು ಕೆಳಗೆ ನೂರು ಜನರನ್ನು ಕೂರಿಸಿ. ಪ್ರತಿ ತರಗತಿಯಲ್ಲೂ ನೂರಕ್ಕೆ 70 ಜನ ಪಾಸಾಗುತ್ತಾರೆ ಅನ್ನಿ, ಒಳ್ಳೆಯ ಫಲಿತಾಂಶವೇ. ಪಾಸಾದವರಲ್ಲಿ ನೂರಕ್ಕೆ 80 ಜನ ಮುಂದಿನ ತರಗತಿಗೆ ಸೇರುತ್ತಾರೆ ಅನ್ನಿ, ಅದೂ ಉದಾರವಾದ ಅಂದಾಜು. ಮೊದಲ ತರಗತಿಯಲ್ಲಿ 70 ಪಾಸು, ಎರಡನೆಯದಕ್ಕೆ ಸೇರಿದವರು 56. ಅದರಲ್ಲಿ ಪಾಸು 39, ಮೂರನೆಯದಕ್ಕೆ ಸೇರಿದವರು 31. ಪಾಸು 22, ಕೊನೆಗೆ ಕಾಲೇಜಿನ ಸಂಖ್ಯಾಶಾಸ್ತ್ರಕ್ಕೆ ಬಂದವರು 18. ಅದರಲ್ಲಿ ಪಾಸಾದವರು 12.

ನೂರಕ್ಕೆ ಹನ್ನೆರಡು. ಎಲ್ಲ ಮೇಷ್ಟ್ರೂ ಚೆನ್ನಾಗಿ ಪಾಠ ಮಾಡಿದರೂ, ಯಾರೂ ಸೋಮಾರಿಯಲ್ಲದಿದ್ದರೂ ಹನ್ನೆರಡು. ಈ ಬಗೆಯ ಲೆಕ್ಕವನ್ನು ಇಲ್ಲಿ ಎತ್ತಿ ತೋರಿಸಿದವರು ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಇಬ್ಬರು ಕಮ್ಯುನಿಟಿ ಕಾಲೇಜು ಅಧ್ಯಾಪಕಿಯರೇ, ಚಾಬೊ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಕೇಟಿ ಹರ್ನ್ ಮತ್ತು ಲಾಸ್ ಮೆದಾನೋಸ್ ಕಾಲೇಜಿನ ಗಣಿತದ ಮೈರಾ ಸ್ನೆಲ್. ಎಂಎಸ್ಸಿ ಗಣಿತ ಮಾಡಿದ ನನಗೆ ಈ ಗುಣಾಕಾರ ಯಾಕೆ ಹೊಳೆದಿರಲಿಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ನೋಡುತ್ತಿದ್ದದ್ದು ನನ್ನ ಮುಂದೆ ಕೂತ ತರಗತಿಯನ್ನು. ಅಲ್ಲಿ ಪಾಸಾದ ಎಪ್ಪತ್ತು ಜನ ಕಾಣುತ್ತಿದ್ದರು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಕಳೆದುಹೋದವರು ಯಾರ ತರಗತಿಯಲ್ಲೂ ಇರುತ್ತಿರಲಿಲ್ಲ.

ಹಾಗಂತ ಬುನಾದಿ ಬೇಡ ಅಂತ ಅಲ್ಲ. ಅದನ್ನು ಯಾವಾಗ ಹಾಕಬೇಕು ಅನ್ನುವುದು ಬದಲಾಯಿತು. ಈಗ ನಾನು ಕಲಿಸುವ ತರಗತಿಗೆ ಕೋರಿಕ್ವಿಸಿಟ್ ಅಂತ ಹೆಸರು. ಕಾಲೇಜಿನ ಸಂಖ್ಯಾಶಾಸ್ತ್ರದ ಪಾಠ ಎಲ್ಲರಿಗೂ ಒಂದೇ. ಅದು ಮುಗಿದ ಕೂಡಲೇ ಅದೇ ಕೋಣೆಯಲ್ಲಿ, ಬೇಕಾದವರಿಗೆ, ಇನ್ನೊಂದು ಗಂಟೆ. ಆ ಗಂಟೆಯಲ್ಲಿ ಅವತ್ತಿನ ಪಾಠಕ್ಕೆ ಬೇಕಾದ ಹಳೆಯ ಗಣಿತ ಮಾತ್ರ. ಝೀ-ಸ್ಕೋರ್ ಇರುವ ವಾರ ಮೈನಸ್ ಸಂಖ್ಯೆ. ಸಂಭವನೀಯತೆ ಶುರುವಾದಾಗ ಭಿನ್ನರಾಶಿ, ದಶಮಾಂಶ, ಶೇಕಡ ಮೂರೂ ಒಂದೇ ಸಂಖ್ಯೆಯ ಮೂರು ವೇಷ ಅನ್ನುವುದು. ಎರಡು ವಿಷಯಗಳ ಸಂಬಂಧವನ್ನು ಒಂದು ಗೆರೆಯಲ್ಲಿ ಹಿಡಿಯುವ ಪಾಠ ಬಂದಾಗ ಸರಳರೇಖೆಯ ಸಮೀಕರಣ. ಅದೂ ಎಕ್ಸ್ ವೈ ಅಂತಲ್ಲ, ಅವರವರ ಬಾಡಿಗೆ ಮತ್ತು ಮನೆಯ ಅಳತೆ ಇಟ್ಟುಕೊಂಡು. ಓರೆ ಅಂದರೆ ಒಂದು ಚದರಡಿ ಹೆಚ್ಚಾದರೆ ಬಾಡಿಗೆ ಎಷ್ಟು ಏರುತ್ತದೆ ಎಂದು ಹೇಳಿದ ದಿನ ಯಾರೂ ಫೋನ್ ನೋಡಲಿಲ್ಲ. ಬೀಜಗಣಿತದ ತರಗತಿಯಲ್ಲಿ ಇದೇ ಓರೆಯನ್ನು ಇದೇ ಜನಕ್ಕೆ ಒಂದು ಸೆಮಿಸ್ಟರ್ ಪೂರ್ತಿ ಹೇಳಿದ್ದೆವು, ಎರಡು ತಿಂಗಳಲ್ಲಿ ಮರೆತಿದ್ದರು. ಬೇಕಾದ ದಿನ ಕೊಟ್ಟದ್ದು ಉಳಿಯುತ್ತದೆ. ಹಸಿದಾಗ ಬಡಿಸಿದ ಊಟದ ಹಾಗೆ.

ಬಹಳ ಸೂಕ್ಷ್ಮವಾದ ಇನ್ನೊಂದು ಬದಲಾವಣೆಯನ್ನೂ ಕಂಡೆ. ಕೆಳಗಿನ ತರಗತಿಗೆ ಕಳಿಸಿದವರು ಕೂರುವ ರೀತಿಯೇ ಬೇರೆ ಇತ್ತು. ಹಿಂದಿನ ಸಾಲು, ಟೋಪಿ ಕಣ್ಣ ಮೇಲೆ. ನೀನು ಕಾಲೇಜಿಗೆ ಬಂದಿದ್ದೀಯ ಆದರೆ ಕಾಲೇಜಿನವನಲ್ಲ ಎಂದು ಕಾಗದದಲ್ಲಿ ಬರೆದು ಕೊಟ್ಟ ಮೇಲೆ ಯಾರು ತಾನೇ ಮುಂದೆ ಬಂದು ಕೂರುತ್ತಾರೆ? ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ತೋಟದ ಕೆಲಸಕ್ಕೆ ನಿಂತ ನನ್ನ ಸೋದರಮಾವನ ಮಗ ಬಹಳ ನೆನಪಾಗುತ್ತಾನೆ. ಅವನಿಗೆ ಮತ್ತೆ ಕಟ್ಟು ಅಂತ ಹೇಳುವವರೇ ಇರಲಿಲ್ಲ. ಕರ್ನಾಟಕದಲ್ಲೂ 2024ರಲ್ಲಿ ಎಸ್ಸೆಸ್ಸೆಲ್ಸಿಗೆ, ಪಿಯುಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ 1, 2, 3 ಅಂತ ಮಾಡಿದರು. ಸಪ್ಲಿಮೆಂಟರಿ ಎನ್ನುವ ಪದ ಹೋದದ್ದೇ ನನಗೆ ದೊಡ್ಡ ಸಮಾಧಾನ.

ಪುಸ್ತಕದ ಮಾತು ಹೇಳಲೇಬೇಕು. ನಾನು ಸೇರಿದ ಹೊಸತರಲ್ಲಿ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕದ ಬೆಲೆ ಕೋರ್ಸಿನ ಶುಲ್ಕಕ್ಕಿಂತ ಹೆಚ್ಚಿತ್ತು. ನಾಲ್ಕು ಯೂನಿಟ್‌ಗೆ 184 ಡಾಲರ್, ಪುಸ್ತಕ 200ರ ಮೇಲೆ. ಸಹಾಯಧನ ಬರುವವರೆಗೆ ಮೂರು ನಾಲ್ಕು ವಾರ ಪುಸ್ತಕವಿಲ್ಲದೆ ಕೂತವರು ಆಮೇಲೆ ಹಿಂದಿನದನ್ನು ಹಿಡಿಯಲು ಆಗದೆ ಬಿಟ್ಟುಹೋಗುತ್ತಿದ್ದರು. ಇದಕ್ಕೆ ಉತ್ತರ ಬಂದದ್ದು ಕುಪರ್ಟಿನೋದ ಡಿ ಆಂಜಾ ಕಾಲೇಜಿನಿಂದ. ಅಲ್ಲಿನ ಬಾರ್ಬರಾ ಇಲೋವ್‌ಸ್ಕಿ ಮತ್ತು ಸೂಸನ್ ಡೀನ್ ಎಂಬ ಇಬ್ಬರು ಗಣಿತದ ಅಧ್ಯಾಪಕಿಯರು ಬರೆದ ಸಂಖ್ಯಾಶಾಸ್ತ್ರದ ಪುಸ್ತಕವನ್ನು ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಉಚಿತವಾಗಿ ಹಂಚುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿಪಟೂರಿನವರೂ. ಕುಪರ್ಟಿನೋ ಎಂದರೆ ಆಪಲ್ ಕಂಪನಿ ಎಂದಷ್ಟೇ ನಮ್ಮವರಿಗೆ ಗೊತ್ತು. ಆ ಊರಿನ ಹೆಸರು ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಇಬ್ಬರು ಮೇಡಂಗಳು. ಗುರುವಾರದ ಆ ಫೋರ್ಕ್‌ಲಿಫ್ಟ್ ವಿದ್ಯಾರ್ಥಿ ಊಟದ ಬಿಡುವಿನಲ್ಲಿ ಫೋನಿನಲ್ಲೇ ಓದುವುದು ಅವರ ಪುಸ್ತಕವನ್ನೇ.

ಇನ್ನು ಊಟ. ನಮ್ಮ ಕಾಲೇಜಿನ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಅಕ್ಕಿ, ಬೀನ್ಸ್, ಹಾಲು, ಮಗುವಿನ ಡೈಪರ್ ಜೋಡಿಸಿಟ್ಟಿರುತ್ತಾರೆ. ವಿದ್ಯಾರ್ಥಿ ಕಾರ್ಡು ತೋರಿಸಿ ತಗೊಂಡು ಹೋಗಬಹುದು. ಮೊದಲ ಸಲ ನೋಡಿದಾಗ ಅಮೆರಿಕದಲ್ಲಿ ಕಾಲೇಜಿನ ಮಕ್ಕಳು ಹಸಿದಿರುತ್ತಾರೆ ಅನ್ನುವುದನ್ನೇ ನಂಬಲಾಗಲಿಲ್ಲ. ಕಾರಿನಲ್ಲಿ ಮಲಗಿ ಬೆಳಿಗ್ಗೆ ಜಿಮ್ಮಿನಲ್ಲಿ ಸ್ನಾನ ಮಾಡಿ ಎಂಟು ಗಂಟೆಯ ತರಗತಿಗೆ ಬರುತ್ತಿದ್ದ ಹುಡುಗನನ್ನು ಕಂಡ ಮೇಲೆ ನಂಬಿದೆ.

ನಮ್ಮಪ್ಪ ಸಿದ್ಧಗಂಗಾ ಮಠದಲ್ಲಿದ್ದು ಓದಿದವರು. ಆ ಊಟ ಇಲ್ಲದಿದ್ದರೆ ನಾನು ಎಸ್ಸೆಸ್ಸೆಲ್ಸಿ ದಾಟುತ್ತಿರಲಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಅವರು ಮೇಷ್ಟ್ರಾದರು, ನಾನು ಮೇಷ್ಟ್ರ ಮಗಳಾದೆ. ಅನ್ನ, ಅಕ್ಷರ, ಆಶ್ರಯ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಊರಿನಿಂದ ಬಂದ ನನಗೆ, ಇಲ್ಲಿನ ಕಾಲೇಜುಗಳು ಈ ಮೂರನ್ನೂ ಜೋಡಿಸಲು ಇಷ್ಟು ವರ್ಷ ತಗೊಂಡದ್ದೇ ಆಶ್ಚರ್ಯ. ಟೆಕ್ಸಾಸ್‌ನ ಅಮರಿಲ್ಲೊ ಕಾಲೇಜು ಇದನ್ನು ಪೂರ್ತಿ ಮನಸ್ಸಿನಿಂದ ಮಾಡಿತು. ರಸಲ್ ಲೋವರಿ-ಹಾರ್ಟ್ ಅಲ್ಲಿನ ಅಧ್ಯಕ್ಷರಾಗಿದ್ದಾಗ, ವಿದ್ಯಾರ್ಥಿಗಳು ಓದು ಬಿಡುವುದು ಪಾಠದಿಂದಲ್ಲ, ಬಡತನದಿಂದ ಎಂದು ಕಂಡುಕೊಂಡು, ಊಟ, ಮಕ್ಕಳ ಪಾಲನೆ, ತುರ್ತು ಹಣ ಎಲ್ಲದಕ್ಕೂ ಒಂದೇ ಕಡೆ ನೆರವು ಸಿಗುವಂತೆ ಮಾಡಿದರು. 2023ರಲ್ಲಿ ಕಮ್ಯುನಿಟಿ ಕಾಲೇಜುಗಳ ಆಸ್ಪೆನ್ ಪ್ರಶಸ್ತಿಯನ್ನು ಆ ಕಾಲೇಜು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿ ಕಾಲೇಜಿನೊಂದಿಗೆ ಹಂಚಿಕೊಂಡಿತು.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ನ್ಯೂಯಾರ್ಕ್‌ನದು. ಅಲ್ಲಿನ ಸಿಟಿ ಯೂನಿವರ್ಸಿಟಿಯ ಕಮ್ಯುನಿಟಿ ಕಾಲೇಜುಗಳು 2007ರಲ್ಲಿ ಎಎಸ್‌ಎಪಿ ಎಂಬ ಕಾರ್ಯಕ್ರಮ ಶುರುಮಾಡಿದವು. ವಿದ್ಯಾರ್ಥಿ ಪೂರ್ಣಾವಧಿ ಓದಬೇಕು. ಬದಲಿಗೆ ಪುಸ್ತಕದ ಖರ್ಚು, ಸಹಾಯಧನ ಕಳೆದು ಉಳಿದ ಶುಲ್ಕ, ಬಸ್ಸು ಮತ್ತು ಸುರಂಗ ರೈಲಿನ ಪಾಸು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಒಬ್ಬ ಸಲಹೆಗಾರರಿಗೆ ಕಡಿಮೆ ವಿದ್ಯಾರ್ಥಿಗಳು, ಹಾಗಾಗಿ ಆ ಸಲಹೆಗಾರರಿಗೆ ಪ್ರತಿಯೊಬ್ಬರ ಹೆಸರೂ ಕಷ್ಟವೂ ಗೊತ್ತಿರುತ್ತದೆ. ಇದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಮೂರು ಕಾಲೇಜುಗಳ ಸುಮಾರು 900 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಮೂರು ವರ್ಷದಲ್ಲಿ ಪದವಿ ಪಡೆದವರು ಕಾರ್ಯಕ್ರಮದಲ್ಲಿದ್ದ ಗುಂಪಿನಲ್ಲಿ ನೂರಕ್ಕೆ 40, ಇಲ್ಲದ ಗುಂಪಿನಲ್ಲಿ 22. ಹೆಚ್ಚುಕಡಿಮೆ ಎರಡರಷ್ಟು. ತಲೆಗೆ ಖರ್ಚು ಹೆಚ್ಚಾಯಿತು, ಆದರೆ ಒಟ್ಟು ಖರ್ಚನ್ನು ಬಂದ ಪದವಿಗಳಿಂದ ಭಾಗಿಸಿದರೆ ಒಂದೊಂದು ಪದವಿಗೆ ಖರ್ಚು ಕಡಿಮೆಯೇ ಆಯಿತು. ಅಂಶಕ್ಕಿಂತ ಛೇದ ಹೆಚ್ಚು ಪಟ್ಟು ಬೆಳೆದರೆ ಭಾಗಲಬ್ಧ ಚಿಕ್ಕದಾಗುತ್ತದೆ ಎಂದು ಮಕ್ಕಳಿಗೆ ಹೇಳುವಾಗ ಈಗ ಇದನ್ನೇ ಉದಾಹರಣೆ ಕೊಡುತ್ತೇನೆ.

ಬಸ್ ಪಾಸಿನಿಂದ ಪದವಿ ಬರುತ್ತದಾ ಎಂದು ಕೇಳುವವರಿಗೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳನ್ನು ಕೇಳಿ ಅನ್ನುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ತೋಟದ ಕೆಲಸದ ಹೆಂಗಸಿನ ಮಗಳು ತುಮಕೂರಿಗೆ ದಿನಾ ಹೋಗಿಬಂದು ಬಿಕಾಂ ಓದುತ್ತಿದ್ದಾಳೆ. ಹಿಂದಿನ ವರ್ಷ ಅವಳು ಓದು ಬಿಡುವುದರಲ್ಲಿದ್ದಳು.

ಇದನ್ನೆಲ್ಲ ಓದಿಕೊಂಡ ಮೇಲೆ ಸೆಮಿಸ್ಟರಿನ ಮೊದಲ ದಿನ ನಾನು ಪಾಠ ಮಾಡುವುದನ್ನು ಬಿಟ್ಟೆ. ಒಂದೊಂದು ಚೀಟಿ ಕೊಟ್ಟು ಮೂರು ಪ್ರಶ್ನೆ ಕೇಳುತ್ತೇನೆ. ಕಾಲೇಜಿಗೆ ಹೇಗೆ ಬರುತ್ತೀರಿ? ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ ಕೆಲಸ? ಗಣಿತದಲ್ಲಿ ಏನು ನೆನಪಿದೆ? ಎರಡು ಬಸ್ ಬದಲಿಸಿ ಬರುವವರು ಹತ್ತು ನಿಮಿಷ ತಡವಾದರೆ ನಾನು ಈಗ ಏನೂ ಅನ್ನುವುದಿಲ್ಲ, ಮೊದಲ ಹತ್ತು ನಿಮಿಷ ಹಿಂದಿನ ದಿನದ ಲೆಕ್ಕಕ್ಕೇ ಇಟ್ಟಿದ್ದೇನೆ. ಫೋರ್ಕ್‌ಲಿಫ್ಟ್ ಓಡಿಸುವವರ ಚೀಟಿಯಲ್ಲಿ ಮೂರನೆಯದಕ್ಕೆ ಇದ್ದ ಉತ್ತರ: "ಏನೂ ಇಲ್ಲ. ದಿನಾ ಪೆಟ್ಟಿಗೆ ಎಣಿಸ್ತೀನಿ." ಪೆಟ್ಟಿಗೆಯ ಲೆಕ್ಕ ಬಂದದ್ದು ಅಲ್ಲಿಂದ.

ಎಲ್ಲವೂ ಸರಿಹೋಗಿದೆ ಅಂತ ನಾನು ಹೇಳಲಾರೆ. ಈ ಕೆಲಸದ ಬಹುಭಾಗ ಹೊತ್ತಿರುವವರು ನನ್ನಂಥ ಅರೆಕಾಲಿಕ ಬೋಧಕರು. ನಮ್ಮ ಊರಿನ ಅತಿಥಿ ಉಪನ್ಯಾಸಕರ ಹಾಗೆಯೇ, ಮುಂದಿನ ಸೆಮಿಸ್ಟರಿಗೆ ತರಗತಿ ಸಿಗುತ್ತದೋ ಇಲ್ಲವೋ ತಿಳಿಯದೆ, ಒಂದೇ ದಿನ ಎರಡು ಕಾಲೇಜಿಗೆ ಕಾರು ಓಡಿಸುತ್ತೇವೆ. ವಿದ್ಯಾರ್ಥಿಯ ಹೆಸರು ಕಷ್ಟ ಎರಡೂ ತಿಳಿದಿರಬೇಕು ಎನ್ನುವವರು ಅದಕ್ಕೆ ಬೇಕಾದ ಸಮಯಕ್ಕೆ ಸಂಬಳ ಕೊಡಬೇಕು. ಇದನ್ನು ನಾನು ಸಭೆಯಲ್ಲೂ ಹೇಳಿದ್ದೇನೆ.

ಇನ್ನೊಂದು ಚಿಂತೆ ಹೊಸದು. 2022ರ ಎಬಿ 1705 ಕಾನೂನಿನಿಂದಾಗಿ ಈಗ ಎಂಜಿನಿಯರಿಂಗ್, ವಿಜ್ಞಾನದ ಕಡೆ ಹೋಗುವ ವಿದ್ಯಾರ್ಥಿಗಳನ್ನೂ ಬಹುಮಟ್ಟಿಗೆ ನೇರ ಕ್ಯಾಲ್ಕುಲಸ್‌ಗೆ ಸೇರಿಸಬೇಕಾಗಿದೆ, ಜೊತೆಗೆ ನೆರವಿನ ಗಂಟೆ. ಸಂಖ್ಯಾಶಾಸ್ತ್ರದಲ್ಲಿ ನನ್ನ ಮನಸ್ಸು ಬದಲಾಗಿದೆ, ಕ್ಯಾಲ್ಕುಲಸ್‌ನಲ್ಲಿ ಇನ್ನೂ ಇಲ್ಲ. ಸಂಖ್ಯಾಶಾಸ್ತ್ರಕ್ಕೆ ಬೇಕಾದ ಹಳೆಯ ಗಣಿತವನ್ನು ಒಂದೊಂದು ಗಂಟೆಯ ತುಂಡು ಮಾಡಬಹುದು. ತ್ರಿಕೋನಮಿತಿಯನ್ನು ಹಾಗೆ ತುಂಡು ಮಾಡಲು ನನಗೆ ಬಂದಿಲ್ಲ. ಸೈನ್ ಎಂದರೇನು ಎಂದು ತಿಳಿಯದವರಿಗೆ ಸೈನ್‌ನ ಅವಕಲನ ಹೇಳಿದರೆ ಅವರು ಸೂತ್ರ ಬಾಯಿಪಾಠ ಮಾಡುತ್ತಾರೆ, ಅಷ್ಟೇ. ಹಿಂದೊಮ್ಮೆ ತಪ್ಪಾಗಿದ್ದೆ, ಇದರಲ್ಲೂ ತಪ್ಪಾಗಿರಬಹುದು. ಕೂತು ನೋಡುವುದಕ್ಕಿಂತ ಏನಾದರೂ ಮಾಡೋಣ ಎಂದು ತ್ರಿಕೋನಮಿತಿ ಹೇಳಿಕೊಡಲು ಶುಕ್ರವಾರ ಮಧ್ಯಾಹ್ನ ಒಂದು ಖಾಲಿ ಕೋಣೆ ಕೇಳಿದೆ, ಕೊಟ್ಟರು. ಮೊದಲ ವಾರ ಇಬ್ಬರು ಬಂದರು, ಹೋದ ವಾರ ಐದು. ಒಬ್ಬಳು ತನ್ನ ನಾಲ್ಕು ವರ್ಷದ ತಮ್ಮನನ್ನೂ ಕರಕೊಂಡು ಬಂದಿದ್ದಳು, ಅವನಿಗೆ ಕೆಳಗಿನ ಹಲಗೆ ಬಿಟ್ಟುಕೊಟ್ಟೆವು.

ನಾಳಿದ್ದು ಅಲ್ಲಿ ಯೂನಿಟ್ ಸರ್ಕಲ್, ಅಂದರೆ ಸೈನ್ ತೋರಿಸಲು ಬರೆಯುವ ತ್ರಿಜ್ಯ ಒಂದರ ವೃತ್ತ, ಶುರುಮಾಡಬೇಕು. ದೊಡ್ಡ ಹಾಳೆ, ದಾರ, ಮತ್ತೆ ಆ ಹುಡುಗನಿಗೆ ಒಂದಿಷ್ಟು ಬಣ್ಣದ ಪೆನ್ನು ತಗೊಂಡು ಹೋಗಬೇಕು.